ಅಪ್ಪನ ಗಾರೆ ಲೈಸೆನ್ಸು

ಬರಗಾನ್ ಮನೆಗೆ ಇಂಗ್ಲಿಷಿನಲ್ಲಿ ಏನೇ ಕಾಗದ ಬರಲಿ, ಅದನ್ನು ಓದುವ ಕೆಲಸ ನೆಮೆಸಿಯೋನದು. ಮನೆಯವರ ಬಾಯಲ್ಲಿ ಅವನು ನೆಮೆ. ಎಂಟು ವರ್ಷದವನಿದ್ದಾಗ ಅಂಟಿಕೊಂಡ ಕೆಲಸ ಅದು. ಕರೆಂಟ್ ಬಿಲ್ಲು, ತಂಗಿಯ ಸ್ಕೂಲಿನ ಚೀಟಿ, ಅಜ್ಜಿಯ ಸಕ್ಕರೆ ಕಾಯಿಲೆಯ ರಿಪೋರ್ಟು, ಎಲ್ಲವನ್ನೂ ಊಟದ ಮೇಜಿನ ಮುಂದೆ ಒಂದೊಂದೇ ಸಾಲು ಸ್ಪ್ಯಾನಿಷಿಗೆ ತಿರುಗಿಸಿ ಗಟ್ಟಿಯಾಗಿ ಹೇಳಬೇಕು. ಹದಿನಾರಕ್ಕೆ ಸ್ಕೂಲು ಬಿಟ್ಟು ಅಪ್ಪನ ಜೊತೆ ಗಾರೆ ಹೊರಲು ಹೋದ. ಸ್ಕೂಲು ಬಿಟ್ಟಿತು, ಈ ಕೆಲಸ ಬಿಡಲಿಲ್ಲ. ಈಗ ಅವನಿಗೆ ಇಪ್ಪತ್ತೊಂದು.

ಜನವರಿಯ ಆ ಭಾನುವಾರ ಮೇಜಿನ ಮೇಲಿದ್ದದ್ದು ಗುತ್ತಿಗೆದಾರರ ಲೈಸೆನ್ಸಿನ ಅರ್ಜಿ. ಅಪ್ಪ ಯುಸೇಬಿಯೋ ಹದಿನೇಳು ವರ್ಷ ನೆಮೆಯ ಸೋದರಮಾವ ಡೆಲ್ಫಿನೋನ ಕೈಕೆಳಗೆ ಸ್ಟಾಕ್ಟನ್ನಿನ ಬೀದಿ ಬೀದಿಯ ಹೊರಗೋಡೆಗಳಿಗೆ ಗಾರೆ ಹಾಕಿದ್ದ. ಗೋಡೆ ಅಪ್ಪನ ಕೈಯದು, ಅಂಗಳದಲ್ಲಿ ನೆಡುವ ಬೋರ್ಡು ಮಾವನ ಹೆಸರಿನದು. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಇಲ್ಲದವನು ಸ್ವಂತ ಹೆಸರಿನಲ್ಲಿ ಒಂದು ಮನೆಯ ಗೋಡೆಯ ಕೆಲಸ ಹಿಡಿಯುವ ಹಾಗಿಲ್ಲ. ಈ ಸಲ ಅಮ್ಮ ಎರ್ಲಿಂಡಾ ಅಣ್ಣನ ಮನೆಗೆ ಹೋಗಿ ಜಗಳ ಆಡಿ, ಅಪ್ಪನಿಗೆ ಕೆಲಸದ ಅನುಭವ ಉಂಟೆಂಬ ಕಾಗದಕ್ಕೆ ಅವನಿಂದ ಸಹಿ ಹಾಕಿಸಿಕೊಂಡು ಬಂದಿದ್ದಳು.

"ಮುಂದಿನದು ಕೇಳಿ ಅಪ್ಪ," ಎಂದ ನೆಮೆ. ಮಕ್ಕಳು ಆ ಮನೆಯಲ್ಲಿ ಅಪ್ಪನಿಗೆ ನೀವು ಎನ್ನುತ್ತಿದ್ದರು. "ನಿಮಗೆ ಯಾವತ್ತಾದ್ರೂ, ಯಾವುದಾದ್ರೂ ಅಪರಾಧಕ್ಕೆ ಶಿಕ್ಷೆ ಆಗಿದ್ಯಾ?"

ಓದಿ ಮುಗಿಸಿ ಅವನಿಗೇ ನಗು ಬಂತು.

"ಇದನ್ನ ನನ್ನ ಕೇಳ್ಬೇಕಿತ್ತು ಇವ್ರು. ಈ ಮನೇಲಿ ಕಳ್ಳ ಅಂದ್ರೆ ನಾನೊಬ್ನೇ ತಾನೆ?"

ಹದಿನಾಲ್ಕರಲ್ಲಿ ನೆಮೆ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಡ್ರಿಲ್ಲನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದಿದ್ದ. ಅಪ್ಪ ಅವನ ಕತ್ತುಪಟ್ಟಿ ಹಿಡಿದು ಅಂಗಡಿಗೆ ಕರೆದೊಯ್ದು ವಾಪಸು ಕೊಡಿಸಿದ. ಅಲ್ಲಿಗೆ ಮುಗಿಯಲಿಲ್ಲ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಅವು. ಆ ನಲವತ್ತು ದಿನವೂ ಹುಡುಗ ಮೇಜಿನಲ್ಲಿ ಕೂರುವಂತಿಲ್ಲ, ತಟ್ಟೆ ಹಿಡಿದು ಹಿತ್ತಿಲ ಮೆಟ್ಟಿಲ ಮೇಲೆ ಉಣ್ಣಬೇಕು. ತಂಗಿ ಅರಾಸೆಲಿ ಆಗ ಐದು ವರ್ಷದವಳು, "ಅಣ್ಣ ಯಾಕೆ ನಾಯಿ ಜೊತೆ ಊಟ ಮಾಡ್ತಾನೆ?" ಎಂದು ದಿನಾ ಕೇಳುತ್ತಿದ್ದಳು.

ನೆಮೆ ನಗುತ್ತಲೇ 'ಇಲ್ಲ' ಎಂಬ ಚೌಕದಲ್ಲಿ ಗುರುತು ಹಾಕಿದ. ಒಲೆಯ ಮುಂದೆ ಅಮ್ಮನ ತಾಯಿ, ಅಜ್ಜಿ ತೊಮಾಸಾ, ಜೋಳದ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ಅಮ್ಮ ಮೇಜಿನ ಮೇಲೆ ಇಲ್ಲದ ಕಸವನ್ನು ಬಟ್ಟೆಯಿಂದ ಒರೆಸಿದಳು. ಅಪ್ಪ ಉಪ್ಪಿನ ಬಟ್ಟಲನ್ನು ನೋಡುತ್ತ ಕೂತಿದ್ದ.

"ಮುಂದಿನದು ಓದು," ಎಂದ.

ಕೊನೆಯಲ್ಲಿ ಅಪ್ಪ ಸಹಿ ಹಾಕಿದ. ಸುಳ್ಳು ಹೇಳಿದ್ದರೆ ಶಿಕ್ಷೆಗೆ ಒಳಗಾಗುವೆ ಎಂದು ಸಹಿಯ ಮೇಲಿದ್ದ ಸಾಲನ್ನೂ ನೆಮೆ ಬಿಡದೆ ಓದಿ ಹೇಳಿದ್ದ.

ಏಪ್ರಿಲಿನಲ್ಲಿ ಅಪ್ಪ ಪರೀಕ್ಷೆ ಪಾಸು ಮಾಡಿದ. ಮೂರು ತಿಂಗಳು ಅರಾಸೆಲಿ ಪ್ರಶ್ನೆ ಕೇಳಿ, ನೆಮೆ ಉತ್ತರ ಉರು ಹೊಡೆಸಿ ಮಾಡಿಸಿದ ಪಾಸು ಅದು. ಅಮ್ಮ ಹಂದಿಮಾಂಸದ ಸಾರು ಮಾಡಿ ಬೀದಿಗೆಲ್ಲ ಹಂಚಿದಳು. ಬೆರಳಚ್ಚು ಕೊಟ್ಟು ಬಂದದ್ದೂ ಆಯಿತು. ಅಪ್ಪ ಮಾವನ ಕೆಲಸ ಬಿಟ್ಟ. ಪಕ್ಕದ ಬೀದಿಯ ಇಬ್ಬರು ಆಗಲೇ, ಲೈಸೆನ್ಸ್ ಬಂದ ದಿನವೇ ನಮ್ಮ ಗೋಡೆ ಹಿಡಿ ಎಂದು ಹೇಳಿಟ್ಟಿದ್ದರು.

ಮೇ ತಿಂಗಳ ಕೊನೆಯಲ್ಲಿ ಲೈಸೆನ್ಸ್ ಕೊಡುವ ಮಂಡಳಿಯ ಲಕೋಟೆ ಬಂತು. ರಾತ್ರಿ ಊಟಕ್ಕೆ ಎಲ್ಲರೂ ಕೂತಿದ್ದರು. ಕಿವುಚಿದ ಕಾಳು, ಮೊಟ್ಟೆ, ಹಸಿಮೆಣಸಿನ ಚಟ್ನಿ. ನೆಮೆ ಎದ್ದು ನಿಂತು ಓದಿದ.

"ಯುಸೇಬಿಯೋ ಬರಗಾನ್ ಅವರೇ, ನಿಮ್ಮ ಅರ್ಜಿಯನ್ನ ತಿರಸ್ಕರಿಸಲಾಗಿದೆ. ನಿಮ್ಮ ಬೆರಳಚ್ಚಿನ ಪ್ರಕಾರ, ಇಪ್ಪತ್ತನಾಲ್ಕು ವರ್ಷದ ಹಿಂದೆ, ಇದೇ ಜಿಲ್ಲೆಯಲ್ಲಿ, ಕಳ್ಳತನ ಮಾಡೋದಕ್ಕೆ ಬೀಗ ಒಡೆದು..."

ಅವನು ನಿಂತ. ಕಾಗದವನ್ನು ತಿರುಗಿಸಿ ವಿಳಾಸ ನೋಡಿದ.

"ಇದು ಬೇರೆ ಯಾರದ್ದೋ ಅಪ್ಪ. ಹೆಸರು ಒಂದೇ ಇರ್ಬೇಕು. ಇವ್ರು ಹೀಗೇ ಮಾಡೋದು, ಯಾರ ಹಣೆಬರಹಾನೋ ಯಾರಿಗೋ ಅಂಟಿಸ್ತಾರೆ. ನಾಳೆ ಫೋನ್ ಮಾಡ್ತೀನಿ."

ಅಪ್ಪ ಕೈಲಿದ್ದ ತುತ್ತನ್ನು ತಟ್ಟೆಗೆ ಇಟ್ಟ.

"ಅಮ್ಮ?"

ಅಮ್ಮ ತಟ್ಟೆ ನೋಡುತ್ತಿದ್ದಳು. ಅಜ್ಜಿಯೇ ಬಾಯಿ ಬಿಟ್ಟಳು.

"ಕೂತ್ಕೋ ಮಗ. ಅದು ನಿಮ್ಮಪ್ಪಂದೇ."

ನೆಮೆ ಕೂರಲಿಲ್ಲ. ಉಳಿದದ್ದನ್ನು ಒಳಗೇ ಓದಿಕೊಂಡ. ಕಳ್ಳತನ ಹಳೆಯದು, ಶಿಕ್ಷೆ ಮುಗಿದದ್ದು, ಆಮೇಲೆ ಕೋರ್ಟೇ ಅದನ್ನು ವಜಾ ಮಾಡಿದ್ದು. ಅದೊಂದಕ್ಕೇ ಆಗಿದ್ದರೆ ಮಂಡಳಿ ಲೈಸೆನ್ಸ್ ಕೊಡುತ್ತಿತ್ತೋ ಏನೋ. ತಿರಸ್ಕಾರಕ್ಕೆ ಅವರು ಕೊಟ್ಟ ಕಾರಣ ಬೇರೆ: ಅರ್ಜಿಯಲ್ಲಿ 'ಇಲ್ಲ' ಎಂದು ಸುಳ್ಳು ಬರೆದದ್ದು. ಕೋರ್ಟು ವಜಾ ಮಾಡಿದ ಶಿಕ್ಷೆಯನ್ನೂ ಹೇಳಲೇಬೇಕು ಎಂದು ಪ್ರಶ್ನೆಯ ಕೆಳಗೆ ಸಣ್ಣಕ್ಷರದಲ್ಲಿ ಇತ್ತಂತೆ. ನೆಮೆ ನಗುವ ಭರದಲ್ಲಿ ಅದನ್ನು ಓದಿರಲಿಲ್ಲ.

"ಜಡ್ಜು ಮೊಹರು ಹಾಕಿ ಕೊಟ್ಟಿದ್ರು," ಎಂದ ಅಪ್ಪ. "ಮುಗೀತು, ಮನೆಗೆ ಹೋಗು ಅಂದಿದ್ರು. ಆ ಕಾಗದ ಪೆಟ್ಟಿಗೇಲಿದೆ."

"ಹಾಗಾದ್ರೆ ಅವತ್ತು ಯಾಕೆ ಹೇಳ್ಲಿಲ್ಲ? ನಾನು ಓದ್ದೆ, ನೀವು ಕೇಳಿಸ್ಕೊಂಡ್ರಿ."

"ನೀನು ಗುರುತು ಹಾಕ್ಬಿಟ್ಟಿದ್ದೆ."

"ನಾನು ಹಾಕಿದ್ನಾ?" ನೆಮೆಯ ದನಿ ಏರಿತು. "ನಲವತ್ತು ದಿನ! ನಲವತ್ತು ದಿನ ನನ್ನ ಮೆಟ್ಟಿಲ ಮೇಲೆ ಕೂರಿಸಿ ಊಟ ಹಾಕಿದ್ರಿ. ಇಲ್ಲಿ ಕೂತು ಕಾಳು ಮುಕ್ತಿದ್ದೋರಿಗೆಲ್ಲ ಗೊತ್ತಿತ್ತು. ಅಜ್ಜಿಗೆ ಗೊತ್ತಿತ್ತು. ಮಾವಂಗೆ ಗೊತ್ತಿತ್ತು. ನಿನಗಿಂತ ದೊಡ್ಡ ಕಳ್ಳ ಈ ಮನೇಲಿ ಯಾರಿದ್ದ? ನನ್ನದು ಒಂದು ಡ್ರಿಲ್, ನೀನು..."

ಅಮ್ಮನ ಏಟು ಕೆನ್ನೆಗೆ ಬಿತ್ತು. ಕಾಳಿನ ಸೌಟು ಕೈಯಲ್ಲೇ ಇತ್ತು.

"ಅಪ್ಪಂಗೆ ನೀನು ಅಂತೀಯಾ?"

"ಹೊಡಿ. ಅಪ್ಪಂಗೆ ಯಾರೂ ಹೊಡೀಲಿಲ್ವಾ?"

"ಏಳು ತಿಂಗಳು ಜೈಲು ಕಣೋ," ಎಂದಳು ಅಜ್ಜಿ. "ಸಾಲ್ದಾ ನಿಂಗೆ?"

ನೆಮೆ ತನ್ನ ತಟ್ಟೆ ಎತ್ತಿಕೊಂಡು ಹಿತ್ತಿಲ ಬಾಗಿಲು ಒದ್ದು ಹೋಗಿ ಮೆಟ್ಟಿಲ ಮೇಲೆ ಕೂತ. ಯಾರೂ ಕಳಿಸಿರಲಿಲ್ಲ. ಮಾರನೆಯ ದಿನವೂ ಅಲ್ಲೇ ಕೂತ, ಅದರ ಮಾರನೆಯ ದಿನವೂ. ಅಮ್ಮ ಬಡಿಸಿದರೆ ತಿನ್ನುತ್ತಿದ್ದ, ಮಾತಿಲ್ಲ.

ಶನಿವಾರ ಮಾವ ಡೆಲ್ಫಿನೋ ಸುಟ್ಟ ಕೋಳಿಯ ಪೊಟ್ಟಣ ಹಿಡಿದುಕೊಂಡು ಬಂದ. ಊಟಕ್ಕೆ ಮುಂಚೆಯೇ ಶುರು ಮಾಡಿದ.

"ನಾನು ಮೊದಲೇ ಹೇಳಿದ್ನಲ್ಲ ಭಾವ, ಈ ಲೈಸೆನ್ಸಿನ ಹುಚ್ಚು ಬೇಡ ಅಂತ. ಈಗ ಆ ಅರ್ಜೀಲಿ ನನ್ನ ಸಹೀನೂ ಇದೆ. ನನ್ನ ಬಾಗಿಲಿಗೂ ಬಂದ್ರೆ?"

"ನಿಂದು ಅನುಭವದ ಕಾಗದ ಅಣ್ಣ," ಎಂದಳು ಅಮ್ಮ. "ಹದಿನೇಳು ವರ್ಷ ದುಡಿಸ್ಕೊಂಡಿದ್ದು ಸುಳ್ಳಾ?"

"ಸುಳ್ಳಲ್ಲಮ್ಮ. ಸೋಮವಾರದಿಂದ ಮತ್ತೆ ಬರ್ಲಿ. ಆದ್ರೆ ಮೇಸ್ತ್ರಿ ಕೆಲಸಕ್ಕೆ ಇನ್ನೊಬ್ಬನ್ನ ಇಟ್ಟಾಯ್ತು. ಸದ್ಯಕ್ಕೆ ಗಾರೆ ಕಲಸ್ತಾ ಇರ್ಲಿ."

"ಗಾರೆ ಕಲಸೋದಾ?" ಅಜ್ಜಿ ಮಗನನ್ನು ಮೇಲಿಂದ ಕೆಳಗೆ ನೋಡಿದಳು. "ಲೋ ಡೆಲ್ಫಿನೋ, ನೀನು ಹಾಕಿದ ಗೋಡೆ ಹೊಟ್ಟೆ ಉಬ್ಬಿಸ್ಕೊಂಡು ನಿಲ್ತಿತ್ತಲ್ಲೋ. ಅದನ್ನ ಕೆತ್ತಿ ನೆಟ್ಟಗೆ ಮಾಡಿದ್ದು ಯಾರು? ಇವನು ಜೈಲಿಗೆ ಹೋದಾಗ, ಈ ಮದುವೆ ಬೇಡ ಅಂತ ನಿಮ್ಮೆಲ್ಲರಿಗಿಂತ ಮೊದಲು ಅಂದೋಳು ನಾನು. ಆಮೇಲೆ ಇವನ ಗೋಡೆ ನೋಡಿದೆ. ಬಾಯಿ ಮುಚ್ಕೊಂಡೆ."

"ಬರ್ತೀನಿ," ಎಂದ ಅಪ್ಪ. "ಕಲಸ್ತೀನಿ."

ಅದು ನೆಮೆಯನ್ನು ಇನ್ನೂ ಉರಿಸಿತು. ಹೀಗೆ ತಲೆ ಬಗ್ಗಿಸುವವನು ತನ್ನ ಮೇಲೆ ಮಾತ್ರ ಅಷ್ಟು ದೊಡ್ಡ ನ್ಯಾಯಾಧೀಶ ಆಗಿದ್ದನಲ್ಲ!

ಆದರೂ ಮೇಲ್ಮನವಿಯ ಕಾಗದ ಬರೆದವನು ಅವನೇ. ಬೇರೆ ಯಾರು ಬರೆಯಬೇಕು? ಬುಧವಾರಗಳಲ್ಲಿ ಚರ್ಚಿನ ಹಿಂದಿನ ಹಾಲಿನಲ್ಲಿ ಬಿಟ್ಟಿ ಸಲಹೆ ಕೊಡುವ ವಕೀಲೆ ಮಿಸ್ ಸಂಘೇರಾ ಹತ್ತಿರ ಅಪ್ಪ ಅಮ್ಮ ಇಬ್ಬರನ್ನೂ ಕರೆದೊಯ್ದ. ಅವಳಜ್ಜ ಅದೇ ಊರಿನ ಹೊಲಗಳಲ್ಲಿ ಸೌತೆಕಾಯಿ ಕಿತ್ತವನಂತೆ. ಕಾಗದ ಓದಿ ಕನ್ನಡಕ ತೆಗೆದಳು.

"ಹಳೇ ಕೇಸಿಗೆ ನಾನು ಹೆದರಲ್ಲ. ಅದಾದ ಮೇಲೆ ಇವರ ಮೇಲೆ ಒಂದು ಟ್ರಾಫಿಕ್ ಚೀಟಿ ಕೂಡ ಇಲ್ಲ. 'ಇಲ್ಲ' ಅಂತ ಗುರುತು ಬಿದ್ದಿದ್ಯಲ್ಲ, ಅದೇ ಕಷ್ಟ. ಬೇಕಂತ ಮುಚ್ಚಿಟ್ರಾ, ಪ್ರಶ್ನೆ ಗೊತ್ತಾಗ್ದೆ ಹಾಗಾಯ್ತಾ, ವಿಚಾರಣೇಲಿ ಅದನ್ನೇ ಕೇಳೋದು. ಅರ್ಜಿ ತುಂಬಿದ್ದು ಯಾರು?"

"ನಾನು," ಎಂದ ನೆಮೆ.

"ಈ ಪ್ರಶ್ನೇನ ಅವರಿಗೆ ಓದಿ ಹೇಳಿದ್ರಾ? ಅಥ್ವಾ ನೀವೇ ಗುರುತು ಹಾಕಿದ್ರಾ? ಈಗ್ಲೇ ಹೇಳ್ಬೇಡಿ. ನೆನಪು ಮಾಡ್ಕೊಳ್ಳಿ. ಅಲ್ಲಿ ಪ್ರಮಾಣ ಮಾಡಿ ಹೇಳ್ಬೇಕಾಗತ್ತೆ, ನಿಜ ಹೇಳ್ಬೇಕಾಗತ್ತೆ."

ಟ್ರಕ್ಕಿನೊಳಗೆ ಕೂತ ಕೂಡಲೇ ಅಮ್ಮ ಹಿಡಿದುಕೊಂಡಳು.

"ಓದಿ ಹೇಳ್ಲಿಲ್ಲ ಅಂದ್ಬಿಡು ಮಗ. ನಾನೇ ಹಾಕ್ದೆ, ಅಪ್ಪಂಗೆ ಗೊತ್ತಿಲ್ಲ ಅನ್ನು. ಅರ್ಧ ನಿಜಾನೇ ಅಲ್ವಾ ಅದು?"

"ಅರ್ಧ ಸುಳ್ಳು ಹೇಳಿದ್ದಕ್ಕೆ ಎಷ್ಟು ದಿನ ಮೆಟ್ಟಿಲ ಮೇಲೆ ಕೂರಿಸ್ತೀರಿ? ಇಪ್ಪತ್ತು ದಿನಾನಾ?"

"ನೆಮೆ!"

"ಇವರ ಸುಳ್ಳನ್ನ ನಾನು ಹೊರಲ್ಲ ಅಮ್ಮ. ಗಾರೆ ಹೊತ್ತಿದ್ದೇ ಸಾಕು."

ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ.

ಬೇಸಿಗೆ ಹೀಗೇ ಕಳೆಯಿತು. ಐದು ಗಂಟೆಗೆ ಏಳುವುದು, ಅಮ್ಮ ಕಟ್ಟಿಕೊಟ್ಟ ರೊಟ್ಟಿಸುರುಳಿ ಹಿಡಿದು ಮಾವನ ಕೆಲಸಕ್ಕೆ ಹೋಗುವುದು. ಹೊಸ ಮೇಸ್ತ್ರಿ ಅಟ್ಟಣಿಗೆಯ ಮೇಲಿನಿಂದ "ಏಯ್ ಮುದುಕ, ಗಾರೆ ನೀರಾಯ್ತು!" ಎಂದು ಕೂಗುತ್ತಿದ್ದ. ಅಪ್ಪ ಕೇಳಿಸದವನಂತೆ ಕಲಸುತ್ತಿದ್ದ. ಮೂರನೆಯ ಸಲ ಕೂಗಿದಾಗ ನೆಮೆ ಬುಟ್ಟಿಯನ್ನು ನೆಲಕ್ಕೆ ಅಪ್ಪಳಿಸಿದ.

"ನೀನು ಬಳಿದಿರೋ ಮೂಲೆ ನೋಡು ಮೊದಲು, ಮುದುಕ ಅಂತೀಯಾ! ನಾಯಿ ನೆಕ್ಕಿದ ಹಾಗಿದೆ."

ಮಧ್ಯಾಹ್ನ ಗೋಡೆಯ ನೆರಳಿನಲ್ಲಿ ಕೂತು ಉಣ್ಣುವಾಗ ಅಪ್ಪ ತಾನಾಗಿ ಮಾತು ತೆಗೆದ. ಎಂಟು ವಾರದಲ್ಲಿ ಅದು ಮೊದಲು.

"ಗಾರೆ ಕಲಸೋ ಮಿಷನ್ನು. ಅದನ್ನೇ ನಾನು ಕದ್ದಿದ್ದು."

ನೆಮೆ ಅಗಿಯುವುದನ್ನು ನಿಲ್ಲಿಸಿದ.

"ಶೆಡ್ಡಿನ ಬೀಗ ಒಡೆದು ಟ್ರಕ್ಕಿಗೆ ಕಟ್ಟಿ ಎಳ್ಕೊಂಡು ಬಂದೆ. ಅವತ್ತು ಕೆಲಸ ಆದ್ಮೇಲೆ ಯಾರೂ ಅದನ್ನ ತೊಳೆದಿರ್ಲಿಲ್ಲ. ದಾರಿ ಉದ್ದಕ್ಕೂ ಗಾರೆ ಸುರೀತಾ ಬಂದಿದೆ. ಪೊಲೀಸರು ಅದನ್ನೇ ನೋಡ್ಕೊಂಡು ನೆಟ್ಟಗೆ ಮನೆಗೆ ಬಂದ್ರು."

ನಗಬಾರದು ಎಂದುಕೊಂಡರೂ ನೆಮೆಯ ಮೂಗಿನಲ್ಲಿ ನಗು ಸಿಡಿಯಿತು.

"ಯಾಕೆ ಕದ್ರಿ? ಮನೇಲಿ ಕಷ್ಟ ಇತ್ತಾ?"

"ಕಷ್ಟ ಏನಿಲ್ಲ. ಟ್ರಕ್ಕಿಗೆ ಹೊಳೆಯೋ ಚಕ್ರ ಹಾಕಿಸ್ಬೇಕಿತ್ತು. ನಿಮ್ಮಮ್ಮನ ಬೀದೀಲಿ ಓಡಿಸೋಕೆ." ಅಪ್ಪ ರೊಟ್ಟಿಯ ತುದಿ ಮಡಚಿದ. "ನಿನ್ನ ಕೈಲಿ ಆ ಡ್ರಿಲ್ ಕಂಡಾಗ ನಂಗೆ ಬಂದಿದ್ದು ಸಿಟ್ಟಲ್ಲ ಕಣೋ. ಹೆದರಿಕೆ."

"ನಲವತ್ತು ದಿನ ಹೆದರಿಕೆನಾ?"

"ಇನ್ನೂ ಜಾಸ್ತಿ."

ಅಷ್ಟೇ. ಮೇಲಿನಿಂದ ಮೇಸ್ತ್ರಿ ಕೂಗಿದ, ಇಬ್ಬರೂ ಎದ್ದರು. ಅಂದು ರಾತ್ರಿ ನೆಮೆ ತಟ್ಟೆ ತಂದು ಮೇಜಿನಲ್ಲಿ ಕೂತ. ಅಮ್ಮ ಎರಡು ಮೊಟ್ಟೆ ಜಾಸ್ತಿ ಹಾಕಿದಳು. ಪಾತ್ರೆ ತೊಳೆಯುವಾಗ ಅವನು ಅಮ್ಮನ ಕಿವಿಯ ಹತ್ತಿರ ಹೇಳಿದ:

"ಓದಿ ಹೇಳ್ಲಿಲ್ಲ ಅಂತೀನಿ. ಅಪ್ಪಂಗೆ ಹೇಳ್ಬೇಡ."

ವಿಚಾರಣೆ ಆಗಸ್ಟ್ ಕೊನೆಯಲ್ಲಿ, ಸ್ಯಾಕ್ರಮೆಂಟೋದಲ್ಲಿ. ಅಪ್ಪ ಮದುವೆಗಳಿಗೆ ಹಾಕುವ ಕೋಟು ಹಾಕಿದ್ದ. ಕೋಣೆ ಸಣ್ಣದು, ಎದುರಿಗೆ ನರೆತ ಕೂದಲಿನ ಜಡ್ಜಮ್ಮ, ಒಂದು ಕಡೆ ಮಂಡಳಿಯ ವಕೀಲ. ಅಪ್ಪನ ಪಕ್ಕದಲ್ಲಿ ನೆಮೆ ಕೂರಲು ಹೋದರೆ ತಡೆದರು. ಮನೆಯವರು ಭಾಷಾಂತರ ಮಾಡುವಂತಿಲ್ಲವಂತೆ, ಸರ್ಕಾರದ ದುಭಾಷಿ ಇದ್ದಾಳೆ. ಬೂದು ಸೂಟಿನ ಹೆಂಗಸೊಬ್ಬಳು ಅವನ ಜಾಗದಲ್ಲಿ ಕೂತಳು. ಹದಿಮೂರು ವರ್ಷ ಅಪ್ಪನ ಬಾಯಾಗಿದ್ದವನು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕಾಯಿತು.

ಮಿಸ್ ಸಂಘೇರಾ ಕೋರ್ಟಿನ ಹಳೆಯ ಮೊಹರಿನ ಕಾಗದ ಕೊಟ್ಟಳು. ಮಾವ ಕೂಡ, ಅಜ್ಜಿಯ ಕಾಟ ತಾಳಲಾರದೆ, ಒಳ್ಳೆಯ ಮಾತಿನ ಪತ್ರ ಕೊಟ್ಟಿದ್ದ. ಆಮೇಲೆ ಮಂಡಳಿಯ ವಕೀಲ ಎದ್ದ.

"ಬರಗಾನ್ ಅವರೇ, ಅರ್ಜಿ ತುಂಬಿದ್ದು ನಿಮ್ಮ ಮಗ. ಈ ಪ್ರಶ್ನೆಯನ್ನ ಅವರು ನಿಮಗೆ ಓದಿ ಹೇಳಿದ್ರಾ?"

ದುಭಾಷಿ ಹೇಳಿದಳು. ನೆಮೆ ಬೆಂಚಿನ ಅಂಚು ಹಿಡಿದುಕೊಂಡ. ಇಲ್ಲ ಅನ್ನಿ. ಬರೀ ಇಲ್ಲ ಅನ್ನಿ, ಉಳಿದದ್ದು ನಾನು ನೋಡ್ಕೋತೀನಿ.

"ಓದಿದ," ಎಂದ ಅಪ್ಪ. "ಚೆನ್ನಾಗಿ ಓದಿದ. ಚಿಕ್ಕವನಿದ್ದಾಗಿಂದ ಅವನು ಹಾಗೇ, ಸರಿಯಾಗಿ ಓದ್ತಾನೆ."

"ನಿಮಗೆ ಅರ್ಥ ಆಯ್ತಾ?"

"ಆಯ್ತು."

"ಹಾಗಾದರೆ ಯಾಕೆ ನಿಜ ಹೇಳ್ಲಿಲ್ಲ?"

ಅಪ್ಪ ದುಭಾಷಿಯ ಕಡೆ ತಿರುಗಿ, ನಿಧಾನವಾಗಿ, ಗೋಡೆಗೆ ಗಾರೆ ಎಳೆಯುವವನಂತೆ ಎಲ್ಲೂ ನಿಲ್ಲಿಸದೆ ಹೇಳಿದ.

"ಅವನು ನಕ್ಕ ತಾಯಿ. ಅಪ್ಪಂಗೆ ಇಂಥಾ ಪ್ರಶ್ನೆ ಕೇಳ್ತಾರಲ್ಲ ಅಂತ ನಕ್ಕ. ಅವನು ಹುಡುಗ ಆಗಿದ್ದಾಗ ಏನೋ ಒಂದು ಕದ್ದ ಅಂತ ನಾನು ನಲವತ್ತು ದಿನ ಅವನನ್ನ ಊಟದ ಮೇಜಿಗೆ ಸೇರಿಸಿರ್ಲಿಲ್ಲ. ಅದೇ ಮೇಜಲ್ಲಿ ಕೂತ್ಕೊಂಡು ನಾನೂ ಕಳ್ಳ ಅಂತ ಹೇಳೋಕೆ ನಾಚಿಕೆ ಆಯ್ತು. ಜಡ್ಜು ಮೊಹರು ಹಾಕಿ ಮುಗೀತು ಅಂದಿದ್ರಲ್ಲ, ಅದನ್ನ ನೆಪ ಮಾಡ್ಕೊಂಡೆ. ಗುರುತು ಅವನು ಹಾಕಿದ. ಸಹಿ ನಂದು. ಅವನನ್ನ ಇದಕ್ಕೆ ಎಳೀಬೇಡಿ."

ದುಭಾಷಿ 'ನಾಚಿಕೆ'ಯ ಹತ್ತಿರ ಒಂದು ಕ್ಷಣ ತಡೆದು, ಮತ್ತೆ ಹೇಳಿದಳು. ಅಮ್ಮ ಕೈಚೀಲದ ಹಿಡಿಯನ್ನು ತಿರುಚುತ್ತಿದ್ದಳು.

"ಮಗ ಏನಾದ್ರೂ ಹೇಳೋದಿದ್ಯಾ?" ಎಂದು ಜಡ್ಜಮ್ಮ ಕೇಳಿದರು.

ನೆಮೆ ಎದ್ದು ನಿಂತ. ತಿಂಗಳಿಂದ ಉರು ಹೊಡೆದಿದ್ದ ಸುಳ್ಳು ಬಾಯಲ್ಲಿತ್ತು. ಅದನ್ನು ನುಂಗಿದ.

"ಕೆಳಗಿದ್ದ ಸಣ್ಣಕ್ಷರ ನಾನು ಓದಿರ್ಲಿಲ್ಲ ಮೇಡಂ. ಅದು ನಂದೇ ತಪ್ಪು."

ಹಿಂದಿರುಗುವಾಗ ಹೆದ್ದಾರಿಯಲ್ಲಿ ಅಮ್ಮ ಇಬ್ಬರನ್ನೂ ಬೈದಳು. "ಒಬ್ಬನಿಗೂ ಬುದ್ಧಿ ಇಲ್ಲ. ಇನ್ನು ಸಾಯೋವರೆಗೂ ನಮ್ಮಣ್ಣನ ಗಾರೆ ಕಲಸ್ಕೊಂಡಿರಿ. ಅಪ್ಪ ಮಗ ಸರದಿ ಹಾಕ್ಕೊಳ್ಳಿ." ಬೈದು ಬೈದು ಲೋಡೈ ಊರು ದಾಟುವ ಹೊತ್ತಿಗೆ ಅಪ್ಪನ ಕೋಟಿನ ತೋಳಿಗೆ ತಲೆ ಒರಗಿಸಿ ನಿದ್ದೆ ಹೋದಳು.

ತೀರ್ಪು ಏಳು ವಾರಕ್ಕೆ ಬಂತು. ಲೈಸೆನ್ಸ್ ಕೊಡಬಹುದು, ಆದರೆ ಮೂರು ವರ್ಷ ಷರತ್ತಿನ ಮೇಲೆ. ಒಂದು ದೂರು ಬಂದರೂ ರದ್ದು. ಮಂಡಳಿಯ ವೆಬ್‌ಸೈಟಿನಲ್ಲಿ ಅಪ್ಪನ ಹೆಸರಿನ ಪಕ್ಕದಲ್ಲಿ ಕಾರಣ ಬರೆದಿರುತ್ತದೆ, ಯಾರು ಬೇಕಾದರೂ ನೋಡಬಹುದು. ಮೊದಲೇ ಹೇಳಿಟ್ಟಿದ್ದ ಇಬ್ಬರು ನೋಡಿದರು. ಆಮೇಲೆ ಫೋನ್ ಎತ್ತಲಿಲ್ಲ.

"ಊರಿಗೆಲ್ಲ ಡಂಗುರ ಹೊಡೆದು ಕೊಡೋ ಲೈಸೆನ್ಸು," ಎಂದು ನೆಮೆ ಹಲ್ಲು ಕಡಿದ.

"ಕೊಟ್ರಲ್ಲ," ಎಂದಳು ಅಜ್ಜಿ. "ನಿಮ್ಮಪ್ಪನ ಮದುವೆಗೆ ನಾನೂ ಹೀಗೇ ಒಪ್ಪಿದ್ದು."

ಮೊದಲ ಕೆಲಸ ಸಿಕ್ಕಿದ್ದು ನವೆಂಬರಿನಲ್ಲಿ. ಪ್ರೂಯಿಟ್ ಎಂಬ ಒಂಟಿ ಮುದುಕ, ಅಂಚೆ ಇಲಾಖೆಯಿಂದ ನಿವೃತ್ತ. ಮನೆಯ ಹಿಂಗೋಡೆ ಸೀಳಿತ್ತು. ಬೆಳಿಗ್ಗೆ ಏಳಕ್ಕೆ ತಂತಿಬಲೆ, ಚೀಲ, ಅಟ್ಟಣಿಗೆ ಎಲ್ಲ ಇಳಿಸಿ, ಗೋಡೆಯ ಹಳೆ ಗಾರೆ ಕೆತ್ತಿ ಮುಗಿಸುವಷ್ಟರಲ್ಲಿ ಮುದುಕ ಕೈಯಲ್ಲಿ ಒಂದು ಹಾಳೆ ಹಿಡಿದು ಬಂದ. ಮಂಡಳಿಯ ವೆಬ್‌ಸೈಟಿನಿಂದ ತೆಗೆದದ್ದು.

"ನನ್ನ ಮಗಳು ಕಳಿಸಿದ್ಳು. ಏನಿದು?"

ನೆಮೆ ಮುಂದೆ ಬಂದ. ಅಪ್ಪ ಕೈ ಅಡ್ಡ ಹಿಡಿದ. ತಾನೇ, ಹರಕು ಮುರುಕು ಇಂಗ್ಲಿಷಿನಲ್ಲಿ ಹೇಳಿದ.

"ನಾನು ಕದ್ದೆ, ಸರ್. ಇಪ್ಪತ್ತನಾಲ್ಕು ವರ್ಷ ಮೊದಲು. ಬೀಗ ಒಡೆದೆ. ಜೈಲು, ಏಳು ತಿಂಗಳು. ಆಮೇಲೆ ಪೇಪರ್ ಮೇಲೆ ಸುಳ್ಳು ಬರೆದೆ, ಈ ವರ್ಷ. ಈಗ ನಿಮಗೆ ನಿಜ. ಬೇಡ ಅಂದರೆ, ಕಸ ಗುಡಿಸಿ ಹೋಗ್ತೀನಿ. ದುಡ್ಡು ಬೇಡ."

ಮುದುಕ ಹಾಳೆ ನೋಡಿದ, ಕೆತ್ತಿದ ಗೋಡೆ ನೋಡಿದ. ತಿರುಗಿ ಒಳಗೆ ಹೋದ.

"ಹೋಗೋಣ ನಡೀರಿ," ಎಂದ ನೆಮೆ. ಅವನ ಕಿವಿ ಕೆಂಪಾಗಿತ್ತು. "ಅವನ ಗೋಡೆ ಬೀಳ್ಲಿ. ಮಗಳನ್ನೇ ಕರೆಸಿ ಬಳಿಸ್ಕೊಳ್ಲಿ."

"ಇರು. ಬಾಗಿಲು ಹಾಕಿಲ್ಲ."

ಐದು ನಿಮಿಷ ಆಯಿತು, ಹತ್ತಾಯಿತು. ಮುದುಕ ಜಾಕೆಟ್ ಹಾಕಿಕೊಂಡು ಹೊರಗೆ ಬಂದ.

"ನಂಗೆ ಹನ್ನೊಂದಕ್ಕೆ ಡಾಕ್ಟರ ಹತ್ರ ಹೋಗೋದಿದೆ, ಬರೋದು ಮಧ್ಯಾಹ್ನ ಆಗತ್ತೆ. ನಲ್ಲಿ ಗ್ಯಾರೇಜಿನ ಒಳಗಿದೆ. ಮನೆಯೊಳಕ್ಕೆ ಹೋಗೋ ಬಾಗಿಲೂ ಅಲ್ಲೇ, ಅದಕ್ಕೆ ಚಿಲಕ ಇಲ್ಲ." ಗ್ಯಾರೇಜಿನ ಬೀಗದ ಕೈ ಮುಂದೆ ಹಿಡಿದ.

ಅಪ್ಪ ಅದನ್ನು ಮುಟ್ಟಲಿಲ್ಲ. ಕರಣೆ ಹಿಡಿದ ಕೈಯಿಂದಲೇ ಪಕ್ಕಕ್ಕೆ ತೋರಿಸಿದ.

"ಅವನಿಗೆ ಕೊಡಿ, ಸರ್. ನನ್ನ ಮಗ."

ನೆಮೆ ಕೈ ಚಾಚಿದ. ಬೀಗದ ಕೈ ತಣ್ಣಗಿತ್ತು, ಅಂಚೆ ಇಲಾಖೆಯ ಹಳೆಯ ಬಿಲ್ಲೆಯೊಂದು ಅದಕ್ಕೆ ನೇತಾಡುತ್ತಿತ್ತು. ಮುದುಕನ ಕಾರು ಮೂಲೆ ತಿರುಗುವವರೆಗೂ ಅವನು ಹಾಗೇ ಹಿಡಿದು ನಿಂತಿದ್ದ.

"ಏನೋ ನೋಡ್ತಾ ನಿಂತಿದ್ದೀಯಾ?" ಅಪ್ಪ ಅಟ್ಟಣಿಗೆಯ ಮೇಲಿನಿಂದ ಕೂಗಿದ. "ನೀರು ತಗೊಂಡು ಬಾ. ಗೋಡೆ ಒಣಗಿ ನಿಂತಿದೆ!"